ಹಳೇ ಎಂಟರ್‌ಪ್ರೈಸ್ ಹಾಯಿದೋಣಿ ಪಕ್ಕಕ್ಕೆ ಜಾರುತ್ತಿದೆ: ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಬೀದರ್‌ಹಾಯಿ:
ಎಲ್ಲರಿಗೂ ನಮಸ್ಕಾರ. ನಾನು ಬೀದರಿನವನು. ಹೈದರಾಬಾದಿನಲ್ಲಿ ಒಬ್ಬರು ಮಾರುತ್ತಿದ್ದ ಹಳೇ ಎಂಟರ್‌ಪ್ರೈಸ್ ದೋಣಿಯನ್ನು ಟ್ರೇಲರ್ ಸಮೇತ ತಗೊಂಡಿದ್ದೇನೆ. ಫೈಬರ್ ಮೈ, ಅಲ್ಯೂಮಿನಿಯಂ ಕಂಬ. ನೀಲಿ ಹಾಯಿ ಬಿಸಿಲಿಗೆ ಬಣ್ಣ ಕಳೆದುಕೊಂಡು ಮಾಸಲಾಗಿದೆ. ನೀರಾವರಿ ಇಲಾಖೆಯವರನ್ನು ಕೇಳಿಕೊಂಡು ಕಾರಂಜಾ ಹಿನ್ನೀರಿನಲ್ಲಿ ಇಳಿಸುತ್ತಿದ್ದೇನೆ.

ಸಮಸ್ಯೆ ಏನೆಂದರೆ, ಗಾಳಿ ಬರುವ ಕಡೆಗೆ ಓರೆಯಾಗಿ ಹೋಗಲು ನೋಡಿದರೆ ದೋಣಿ ಮುಂದಕ್ಕಿಂತ ಪಕ್ಕಕ್ಕೆ ಜಾಸ್ತಿ ಜಾರುತ್ತದೆ. ಎದುರಿನ ದಡದ ಬೇವಿನ ಮರಕ್ಕೆ ಗುರಿ ಇಟ್ಟರೆ ಅದರಿಂದ ಗಾಳಿ ಹೋಗುವ ಕಡೆಗೆ ಬಹಳ ದೂರ ಸರಿದು ಹೋಗಿ ಮುಟ್ಟುತ್ತೇನೆ. ಗಾಳಿ ಜೋರಾದರೆ ಬೂಮ್ (ದೊಡ್ಡ ಹಾಯಿಯ ಕೆಳಗಿನ ಅಡ್ಡ ಕೋಲು) ಮೇಲಕ್ಕೆ ಏಳುತ್ತದೆ, ಟಿಲ್ಲರ್ (ಚುಕ್ಕಾಣಿಯ ಹಿಡಿ) ಕೈ ನೋಯುವಷ್ಟು ಎಳೆಯುತ್ತದೆ, ದೋಣಿ ತಾನಾಗಿಯೇ ಗಾಳಿ ಕಡೆಗೆ ತಿರುಗಿಬಿಡುತ್ತದೆ. ಸ್ವಲ್ಪ ಹೊತ್ತಾದರೆ ಕಾಲ ಕೆಳಗೆ ನೀರು ಬೇರೆ.

ಖರ್ಚಿಗೆ 40,000 ರೂಪಾಯಿ ಇಟ್ಟುಕೊಂಡಿದ್ದೇನೆ. ವಿಡಿಯೋಗಳನ್ನು ನೋಡಿ ಪಟ್ಟಿ ಮಾಡಿದ್ದೇನೆ: ಹೊಸ ಹಾಯಿ, ಜಿಬ್ (ಮುಂದಿನ ಚಿಕ್ಕ ಹಾಯಿ) ಸುತ್ತುವ ಫರ್ಲರ್, ಜಿಪಿಎಸ್, ಚಿಕ್ಕ ಸೋಲಾರ್ ಪ್ಯಾನೆಲ್. ಎಲ್ಲಿಂದ ಶುರು ಮಾಡಲಿ?

ಹಳೇಹಗ್ಗ, ಕಲಬುರಗಿ:
ಆ ಪಟ್ಟಿ ಸದ್ಯ ಪಕ್ಕಕ್ಕಿಡಿ. ಅದು ಸಮುದ್ರದಲ್ಲಿ ರಾತ್ರಿ ಕಳೆಯುವ ಕ್ಯಾಬಿನ್ ದೋಣಿಯವರ ಪಟ್ಟಿ. ನಾಲ್ಕೂ ಕಡೆ ದಡ ಕಾಣುವ ನೀರಿನಲ್ಲಿ ಜಿಪಿಎಸ್ ಇಟ್ಟುಕೊಂಡು ಏನು ಹುಡುಕುತ್ತೀರಿ? ನಿಮ್ಮದು 13 ಅಡಿ 3 ಇಂಚಿನ ತೆರೆದ ದೋಣಿ. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ವಿನ್ಯಾಸ ಮಾಡಿದ್ದು. ಅಂದಹಾಗೆ 1982ರ ಏಷ್ಯನ್ ಗೇಮ್ಸ್‌ನಲ್ಲಿ ಪಾಕಿಸ್ತಾನದ ಬೈರಾಮ್ ಅವಾರಿ ಮತ್ತು ಗೋಶ್ಪಿ ಅವಾರಿ ಚಿನ್ನ ಗೆದ್ದಿದ್ದು ಇದೇ ಎಂಟರ್‌ಪ್ರೈಸ್‌ನಲ್ಲಿ. ದೋಣಿಯ ಜಾತಿ ಕೆಟ್ಟದ್ದಲ್ಲ, ಅದಂತೂ ಖಾತ್ರಿ.

ಏನೂ ಕೊಳ್ಳುವ ಮುಂಚೆ ನೋಡಿ ಹೇಳಿ: ಜಿಬ್ ಏರಿಸುವ ಹ್ಯಾಲ್ಯಾರ್ಡ್ ತಂತಿಯದೋ, ಬರೀ ಹಗ್ಗವೋ? ಬೂಮ್‌ನಿಂದ ಕಂಬದ ಬುಡಕ್ಕೆ ಕೆಳಮುಖವಾಗಿ ಎಳೆಯುವ ಕಿಕ್ಕರ್ ಇದೆಯೋ ಇಲ್ಲವೋ? ಸೆಂಟರ್‌ಬೋರ್ಡ್ (ದೋಣಿಯ ನಡುವಿನಿಂದ ನೀರಿಗಿಳಿಯುವ ಹಲಗೆ) ಇಳಿಸಿದರೆ ಇಳಿದೇ ಇರುತ್ತದೋ? ಇನ್ನೊಂದು, ಯಾರನ್ನಾದರೂ ದಡದಲ್ಲಿ ನಿಲ್ಲಿಸಿ, ನೀವು ಅವರ ಮುಂದೆ ಅಡ್ಡ ಹಾಯುವಾಗ ಚುಕ್ಕಾಣಿಯ ಹಲಗೆ ನೆಟ್ಟಗೆ ಕೆಳಗಿದೆಯೋ, ಹಿಂದಕ್ಕೆ ವಾಲಿದೆಯೋ ಫೋಟೋ ತೆಗೆಸಿ.

ಬೀದರ್‌ಹಾಯಿ:
ನೋಡಿದೆ ಸರ್. ಹ್ಯಾಲ್ಯಾರ್ಡ್ ಹಗ್ಗ ಮಾತ್ರ, ಅಂಗಡಿಯಲ್ಲಿ ಸಿಗುವ ನೀಲಿ ಪ್ಲಾಸ್ಟಿಕ್ ಹಗ್ಗ. ಕಿಕ್ಕರ್ ಇಲ್ಲ, ಬೂಮ್ ಕೆಳಗೆ ಒಂದು ಖಾಲಿ ಕೊಂಡಿ ಇದೆ ಅಷ್ಟೇ. ಸೆಂಟರ್‌ಬೋರ್ಡ್ ಇಳಿಸಿ ಎರಡು ನಿಮಿಷಕ್ಕೆ ನೋಡಿದರೆ ಅರ್ಧ ಮೇಲೆ ಬಂದಿರುತ್ತದೆ. ಚುಕ್ಕಾಣಿ ಫೋಟೋ ಹಾಕಿದ್ದೇನೆ, ಹಲಗೆ ಚೆನ್ನಾಗಿ ಹಿಂದಕ್ಕೆ ವಾಲಿದೆ.

ಯಾದಗಿರಿ ಸ್ಪ್ಯಾನರ್:
ಬೀದರ್ ಅಣ್ಣಾ, ಚುಕ್ಕಾಣಿಗೆ ಆರ್‌ಪಾರ್ ತೂತು ಹೊಡೆದು ಒಂದು ಬೋಲ್ಟ್ ಬಿಗಿದುಬಿಡಿ. ಕತೆ ಮುಗೀತು.

ಹಳೇಹಗ್ಗ, ಕಲಬುರಗಿ:
ಬೋಲ್ಟ್ ಬೇಡ್ರಿ. ನಮ್ಮ ಜಲಾಶಯಗಳ ತಳದಲ್ಲಿ ಮುಳುಗಿದ ಜಾಲಿ ಬೊಡ್ಡೆ, ಹಳೇ ಹೊಲದ ಬದು, ಮೇಲೆ ಮೀನುಗಾರರ ಬಲೆ. ಹಲಗೆಗೆ ಏನಾದರೂ ತಾಗಿದರೆ ಅದು ಮೇಲೆ ಏಳಲೇಬೇಕು. ಇಲ್ಲದಿದ್ದರೆ ಚುಕ್ಕಾಣಿ ಕೂತ ಕಬ್ಬಿಣದ ಜೊತೆ ದೋಣಿಯ ಹಿಂದಿನ ಹಲಗೆಯೇ ಕಿತ್ತು ಬರುತ್ತದೆ. ಹಲಗೆಯ ಮುಂದಿನ ಅಂಚಿನಿಂದ ಟಿಲ್ಲರ್ ಕೆಳಗಿನವರೆಗೆ ಒಂದು ಹಗ್ಗ, ನಡುವೆ ಗಟ್ಟಿ ರಬ್ಬರ್ ಶಾಕ್‌ಕಾರ್ಡ್, ತುದಿಗೆ ಹಗ್ಗ ಕಚ್ಚಿ ಹಿಡಿಯುವ ಕ್ಲೀಟ್. ಸಾಮಾನ್ಯಕ್ಕೆ ಕೆಳಗೆ ಹಿಡಿದಿರುತ್ತದೆ, ಬೊಡ್ಡೆ ತಾಗಿದರೆ ಬಿಟ್ಟುಕೊಡುತ್ತದೆ.

ಈಗ ಮೂಲ ವಿಷಯಕ್ಕೆ ಬರೋಣ. ನಿಮಗಿರುವುದು ಹಾಯಿಯ ತೊಂದರೆ ಅಲ್ಲ. ಮೂರು ಸಣ್ಣ ದೋಷಗಳು ಒಂದರ ಮೇಲೊಂದು ಕೂತಿವೆ.

ಪಕ್ಕಕ್ಕೆ ಜಾರದಂತೆ ತಡೆಯುವುದು ನೀರಿನೊಳಗಿನ ಸೆಂಟರ್‌ಬೋರ್ಡ್. ಅದು ಅರ್ಧ ಮೇಲೆ ಬಂದರೆ ಹೊಸ ಹಾಯಿ ಹಾಕಿದರೂ ಜಾರುತ್ತದೆ, ಬಹುಶಃ ಇನ್ನೂ ಜೋರಾಗಿ. ಅದಕ್ಕೆ ಔಷಧಿ ರಬ್ಬರ್. ಬೋರ್ಡಿನ ತಲೆ ಮತ್ತು ಪೆಟ್ಟಿಗೆಯ ನಡುವೆ ಎರಡೂ ಕಡೆ ರಬ್ಬರ್ ಪಟ್ಟಿ ಅಂಟಿಸಿ, ಕೈಯಲ್ಲಿ ತುಸು ಬಲ ಹಾಕಿದರೆ ಮಾತ್ರ ಅಲುಗಬೇಕು. ಗಾಳಿಗೆ ಎದುರು ಹೋಗುವಾಗ ಪೂರ್ತಿ ಕೆಳಗಿಳಿಸಿ, ಗಾಳಿ ಬೆನ್ನಿಗಿದ್ದಾಗ ಬೇಕಾದರೆ ಎತ್ತಿಕೊಳ್ಳಿ.

ಎರಡನೆಯದು ಜಿಬ್. ಎಂಟರ್‌ಪ್ರೈಸ್‌ನಲ್ಲಿ ಕಂಬವನ್ನು ಮುಂದಕ್ಕೆ ಬಿಗಿದು ಹಿಡಿಯುವುದು ಫೋರ್‌ಸ್ಟೇ (ಕಂಬದಿಂದ ದೋಣಿಯ ಮೂತಿಗೆ ಬರುವ ತಂತಿ) ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಾಯಿ ಏರಿದ ಮೇಲೆ ಆ ಕೆಲಸ ಮಾಡುವುದು ಜಿಬ್‌ನ ಮುಂದಿನ ಅಂಚಿನೊಳಗೆ ಹೊಲಿದಿರುವ ತಂತಿ. ಅದನ್ನು ಎಳೆದು ಕಟ್ಟುವುದು ಹ್ಯಾಲ್ಯಾರ್ಡ್. ನಿಮ್ಮ ಪ್ಲಾಸ್ಟಿಕ್ ಹಗ್ಗ ಗಾಳಿಯ ಹೊಡೆತಕ್ಕೆ ಹಿಗ್ಗುತ್ತದೆ, ತಂತಿ ಬಿಲ್ಲಿನ ಹಾಗೆ ಬಾಗುತ್ತದೆ, ಜಿಬ್ ಜೋಳಿಗೆಯಾಗುತ್ತದೆ. ಆಮೇಲೆ ಗಾಳಿಗೆ ಹತ್ತಿರ ಹೋಗುವುದು ಆಗದ ಮಾತು. ತಂತಿ ಹ್ಯಾಲ್ಯಾರ್ಡ್ ಹಾಕಿ, ತುದಿಗೆ ಹೈಫೀಲ್ಡ್ ಲಿವರ್ (ಮಡಚಿದರೆ ತಂತಿ ಬಿಗಿಯುವ ಹಿಡಿ). ಅದು ಸಿಗದಿದ್ದರೆ ರಾಟೆಗಳ ಜೋಡಣೆಯಿಂದ ಬಿಗಿಯುವ ಹಾಗೆ ಮಾಡಿ. ಸಾಗುವಾಗ ಕಂಬವನ್ನು ಎರಡೂ ಪಕ್ಕದಿಂದ ಹಿಡಿದಿರುವ ತಂತಿಗಳಲ್ಲಿ ಗಾಳಿ ಹೋಗುವ ಕಡೆಯದನ್ನು ಮುಟ್ಟಿ ನೋಡಿ. ಸ್ವಲ್ಪ ಸಡಿಲ ಇದ್ದರೆ ಸರಿ, ಜೋತಾಡುತ್ತಿದ್ದರೆ ಇನ್ನೂ ಬಿಗಿಯಬೇಕು. ಆದರೆ ಹಳೇ ಮೈ, ಒಮ್ಮೆಗೇ ಎಳೆದು ಕೂರಬೇಡಿ. ಪಕ್ಕದ ತಂತಿಗಳು ಕೂತ ಜಾಗ, ಕಂಬದ ಬುಡ, ಎರಡು ಕಡೆಯೂ ಬಿರುಕು ಇಲ್ಲವೆಂದು ನೋಡಿಕೊಂಡೇ ಮುಂದಕ್ಕೆ ಹೋಗಿ.

ಮೂರನೆಯದು ಕಿಕ್ಕರ್. ಅದಿಲ್ಲದೆ ಮೇನ್‌ಶೀಟ್ (ದೊಡ್ಡ ಹಾಯಿಯನ್ನು ಎಳೆದು ಹಿಡಿಯುವ ಹಗ್ಗ) ಬಿಟ್ಟರೆ ಬೂಮ್ ಪಕ್ಕಕ್ಕೆ ಹೋಗುವ ಬದಲು ಮೇಲಕ್ಕೆ ಹೋಗುತ್ತದೆ, ಹಾಯಿ ಇನ್ನೂ ಉಬ್ಬುತ್ತದೆ. ದೋಣಿ ವಾಲುತ್ತದೆ, ವಾಲಿದ ದೋಣಿ ಗಾಳಿ ಕಡೆಗೆ ತಿರುಗುತ್ತದೆ. ಅದರ ಮೇಲೆ ಹಿಂದಕ್ಕೆ ವಾಲಿದ ಚುಕ್ಕಾಣಿ, ಕೈ ನೋಯದೆ ಇನ್ನೇನು? ಕೈಯ ಬಲವನ್ನು ನಾಲ್ಕು ಪಟ್ಟು ಮಾಡುವ 4:1 ರಾಟೆ, ಹಿಗ್ಗದ ಪಾಲಿಯೆಸ್ಟರ್ ಹಗ್ಗ, ಕೂತಲ್ಲಿಂದ ಕೈಗೆ ಸಿಗುವ ಕ್ಲೀಟ್, ಇಷ್ಟು ಸಾಕು.

ಹುಸೇನ್‌ಸಾಗರದವ:
ಅಡ್ಡ ಮಾತಾಡುತ್ತೇನೆ, ಕ್ಷಮಿಸಿ. ಬಣ್ಣ ಹೋದ ಹಾಯಿ ಅಂದರೆ ಬಟ್ಟೆ ಜೋತಿರುತ್ತದೆ. ಉಬ್ಬು ಹಿಂದಕ್ಕೆ ಸರಿದಿರುತ್ತದೆ. ಅದನ್ನಿಟ್ಟುಕೊಂಡು ಎಷ್ಟು ರಾಟೆ ಹಾಕಿದರೂ ಅಷ್ಟೇ ಅಲ್ವಾ? ನಾನಾದರೆ ಹಾಯಿಯಿಂದಲೇ ಶುರು ಮಾಡುತ್ತೇನೆ. ನಮ್ಮಲ್ಲಿ ಮಳೆಗಾಲದ ರೇಸಿಗೆ ಬರುವವರೆಲ್ಲ ಮಾಡುವುದು ಅದನ್ನೇ.

ಹಳೇಹಗ್ಗ, ಕಲಬುರಗಿ:
ರೇಸಿಗೆ ನಿಮ್ಮ ಮಾತು ಸರಿ. ನಾನೂ ಕಲಿತದ್ದು ನಿಮ್ಮ ಕೆರೆಯಲ್ಲೇ. ಆದರೆ ಅಲ್ಲಿ ಮಗುಚಿದರೆ ಎಳೆಯಲು ಮೋಟಾರು ದೋಣಿ ಪಕ್ಕದಲ್ಲೇ ಇರುತ್ತದೆ. ಕಾರಂಜಾದಲ್ಲಿ ಇವರು ಮಗುಚಿದರೆ ದಡದ ಮೇಲೆ ಎಮ್ಮೆ ಮೇಯಿಸುವವರು ನೋಡುತ್ತಾ ನಿಲ್ಲಬಹುದು, ಅಷ್ಟೇ. ಆದ್ದರಿಂದ ನನ್ನ ಲೆಕ್ಕದಲ್ಲಿ ಮೊದಲ ರೂಪಾಯಿ ಲೈಫ್ ಜಾಕೆಟ್‌ಗೆ, ಆಮೇಲೆ ತೇಲುವ ವ್ಯವಸ್ಥೆಗೆ, ಆಮೇಲೆ ಟ್ರೇಲರ್‌ಗೆ, ಆಮೇಲೆ ಮೇಲೆ ಹೇಳಿದ ಮೂರಕ್ಕೆ. ಹಾಯಿ ಕೊನೆಗೆ.

ಬೀದರ್‌ಹಾಯಿ ಅವರೇ, ಕಂಬದ ತುದಿಗೆ ತೇಲುವ ವಸ್ತು ಕಟ್ಟುವುದು ಈ ದೋಣಿಗೆ ತೀರಾ ಮುಖ್ಯ. ಎಂಟರ್‌ಪ್ರೈಸ್ ಮಗುಚಿದರೆ ಪೂರ್ತಿ ತಲೆಕೆಳಗಾಗುವ ಸ್ವಭಾವದ್ದು. ನೀರು ಇಳಿದಿದ್ದರೆ ಕಂಬ ಹೋಗಿ ಎರೆಮಣ್ಣಿನ ರಾಡಿಗೆ ನೆಟ್ಟುಕೊಳ್ಳುತ್ತದೆ, ಆಮೇಲೆ ಇಬ್ಬರು ಸೇರಿದರೂ ಕೀಳುವುದು ಕಷ್ಟ. ಮುಚ್ಚಳ ಗಟ್ಟಿಯಾದ 10 ಲೀಟರ್ ಖಾಲಿ ಕ್ಯಾನ್ ತುದಿಗೆ ಬಿಗಿದರೂ ಹತ್ತಿರ ಹತ್ತಿರ 10 ಕಿಲೋ ಎತ್ತುವ ಬಲ ಸಿಗುತ್ತದೆ, ಅದೂ ಅಷ್ಟು ಉದ್ದದ ಕಂಬದ ತುದಿಯಲ್ಲಿ. ನೋಡಲು ಚಂದ ಇರುವುದಿಲ್ಲ. ಇರಲಿ ಬಿಡಿ.

ಇನ್ನು ನೀರು ಬರುವುದು. ದೋಣಿಯನ್ನು ಟ್ರೇಲರ್ ಮೇಲೇ ಇಟ್ಟು, ಒಳಗೆ ಒಂದೆರಡು ಬಕೆಟ್ ನೀರು ಹಾಕಿ, ಕೆಳಗೆ ಮಲಗಿ ನೋಡಿ. ಮೊದಲು ಸೆಂಟರ್‌ಬೋರ್ಡಿನ ಪೆಟ್ಟಿಗೆಗೆ ಹಾಕಿದ ಅಡ್ಡ ಬೋಲ್ಟ್, ಆಮೇಲೆ ನೀರು ಹೊರಹಾಕುವ ಸೆಲ್ಫ್‌ಬೇಲರ್‌ನ ಗ್ಯಾಸ್ಕೆಟ್. ಅಕ್ಕಪಕ್ಕದ ಗಾಳಿ ಟ್ಯಾಂಕುಗಳನ್ನು ಬೇರೆಯಾಗಿ ಪರೀಕ್ಷಿಸಿ: ಮುಚ್ಚಳ, ಕೀಲುಗಳಿಗೆ ಸೋಪಿನ ನೀರು ಸವರಿ, ಬಿರಡೆಯ ತೂತಿನಿಂದ ಬಾಯಲ್ಲಿ ಊದಿ. ಗುಳ್ಳೆ ಎದ್ದ ಕಡೆ ಸೋರಿಕೆ. ಪಂಕ್ಚರ್ ಅಂಗಡಿ ಕಂಪ್ರೆಸರ್ ಹಚ್ಚಿದರೆ ಟ್ಯಾಂಕ್ ಕೀಲು ಬಿಡುತ್ತದೆ, ಅದರ ಹತ್ತಿರವೂ ಹೋಗಬೇಡಿ. ಹಾಗೇ, ಮನೆ ಮುಂದೆ ನಿಲ್ಲಿಸಿದಾಗ ಬಿರಡೆ ತೆಗೆದಿಡಿ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದರೆ ಅದೇ ಕೀಲು ಬಿಡಿಸುತ್ತದೆ. ನೀರಿಗಿಳಿಸುವ ಮುಂಚೆ ಹಾಕುವುದು ಮಾತ್ರ ಮರೆಯಬಾರದು.

ಯಾದಗಿರಿ ಸ್ಪ್ಯಾನರ್:
ಬೋಲ್ಟ್ ಮಾತು ವಾಪಸ್ ತಗೊಂಡೆ 😄 ಟ್ರೇಲರ್ ನನ್ನ ಕೆಲಸ, ಅದಕ್ಕೆ ಹೇಳುತ್ತೇನೆ. ಅಣ್ಣಾ, ಟ್ರೇಲರನ್ನು ನೀರಿಗೆ ಇಳಿಸುತ್ತೀರಾ?

ಬೀದರ್‌ಹಾಯಿ:
ಹೌದು, ಅಚ್ಚು ಮುಳುಗುವವರೆಗೆ. ಇಲ್ಲದಿದ್ದರೆ ದೋಣಿ ತೇಲುವುದಿಲ್ಲ.

ಯಾದಗಿರಿ ಸ್ಪ್ಯಾನರ್:
ಅಲ್ಲೇ ಪೆಟ್ಟು. ರಸ್ತೆಯಲ್ಲಿ ಓಡಿ ಬಂದ ಹಬ್ ಬಿಸಿ ಇರುತ್ತದೆ. ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಹೋಗಿದೆ ಅಂತಲೇ ಅರ್ಥ. ಚಕ್ರ ಎತ್ತಿ ತಿರುಗಿಸಿ, ಗರಗರ ಸದ್ದು ಬಂದರೆ ಬೇರಿಂಗ್ ಬದಲಿಸಿ, ಎರಡೂ ಕಡೆ ಒಟ್ಟಿಗೆ, ಹೊಸ ಸೀಲ್ ಸಮೇತ. ಹಳೇ ಬೇರಿಂಗ್ ತೋರಿಸಿ ಅದರ ಮೇಲಿನ ನಂಬರ್ ಹೇಳಿದರೆ ಅಂಗಡಿಯವರು ಕೊಡುತ್ತಾರೆ. ಇಲ್ಲದಿದ್ದರೆ ಹುಮನಾಬಾದ್ ರಸ್ತೆಯಲ್ಲಿ ಎಲ್ಲೋ ಚಕ್ರ ನಿಮಗಿಂತ ಮುಂದೆ ಓಡಿ ಹೋಗುತ್ತದೆ.

ಎಂಟರ್‌ಪ್ರೈಸ್ ಬರೀ ಮೈ ನೂರು ಕಿಲೋದ ಆಸುಪಾಸು ಅಂತ ಓದಿದೆ. ಹಾಗಿದ್ದರೆ ಟ್ರೇಲರ್ ದಡದಲ್ಲೇ ಇರಲಿ. ಅಗಲ ಟೈರಿನ ಒಂದು ಚಿಕ್ಕ ಕೈಗಾಡಿ ವೆಲ್ಡಿಂಗ್ ಮಾಡಿಸಿ, ದೋಣಿಯನ್ನು ಅದರ ಮೇಲೆ ತಳ್ಳಿಕೊಂಡು ಹೋಗಿ. ಸಣ್ಣ ಟೈರ್ ಎರೆಮಣ್ಣಿನಲ್ಲಿ ಹೂತು ಹೋಗುತ್ತದೆ, ಕಾರು ಇಳಿಸಿದರೆ ಕಾರೂ ಹೋಗುತ್ತದೆ. ಆಮೇಲೆ ನಿಮ್ಮ ಪುಣ್ಯಕ್ಕೆ ಟ್ರ್ಯಾಕ್ಟರ್ ಸಿಗಬೇಕು.

ಹಳೇಹಗ್ಗ, ಕಲಬುರಗಿ:
ಒಳ್ಳೇದು ಹೇಳಿದ್ರಿ. ದಡದ ಮಾತು ಬಂದಿದ್ದಕ್ಕೆ ಇನ್ನೊಂದು. ಹಿನ್ನೀರಿನ ಅಂಚಿಗೆ ರೈತರು ಪಂಪ್‌ಸೆಟ್ ಲೈನ್ ಎಳೆದಿರುತ್ತಾರೆ. ಕೆಲವು ಕಡೆ ತಂತಿ ತೀರಾ ಕೆಳಗೆ ಜೋತಿರುತ್ತದೆ. ನಿಮ್ಮದು ಅಲ್ಯೂಮಿನಿಯಂ ಕಂಬ, ಕೈಗಾಡಿ ಮೇಲೆ ನಿಂತರೆ ಇಪ್ಪತ್ತು ಅಡಿ ಸುಲಭವಾಗಿ ದಾಟುತ್ತದೆ. ಕಂಬ ಎತ್ತುವ ಮೊದಲು ತಲೆ ಎತ್ತಿ ನೋಡಿ. ನೀರಿನವರೆಗೆ ಹೋಗುವ ದಾರಿಯನ್ನು ಒಮ್ಮೆ ಖಾಲಿ ಕೈಯಲ್ಲಿ ನಡೆದು ಬನ್ನಿ. ಇದಕ್ಕೆ ದುಡ್ಡು ಬೇಡ, ಆದರೆ ಮೇಲಿನ ಎಲ್ಲದಕ್ಕಿಂತ ಮೊದಲು ಇದು.

ಬೀದರ್‌ಹಾಯಿ:
ಅಪ್‌ಡೇಟ್. ಬಕೆಟ್ ಪರೀಕ್ಷೆ ಮಾಡಿದೆ. ಅಡ್ಡ ಬೋಲ್ಟಿನಿಂದ ತೊಟ್ಟಿಕ್ಕುತ್ತಿತ್ತು, ಬೇಲರ್‌ನಿಂದ ಧಾರೆಯೇ. ಬೋಲ್ಟಿಗೆ ರಬ್ಬರ್ ವಾಷರ್ ಹಾಕಿದೆ. ಬೇಲರನ್ನು ಸದ್ಯಕ್ಕೆ ಸೀಲ್ ಮಾಡಿ, ಬಕೆಟ್ ಒಂದನ್ನು ಹಗ್ಗ ಕಟ್ಟಿ ಒಳಗಿಟ್ಟಿದ್ದೇನೆ. ಎಡಗಡೆ ಬೇರಿಂಗ್ ಗ್ರೀಸ್ ಸ್ಪ್ಯಾನರ್ ಅಣ್ಣ ಹೇಳಿದ ಬಣ್ಣದ್ದೇ! ಎರಡೂ ಬದಲಾಯಿಸಿದೆ. ಕಿಕ್ಕರ್, ತಂತಿ ಹ್ಯಾಲ್ಯಾರ್ಡ್, ಚುಕ್ಕಾಣಿಗೆ ಶಾಕ್‌ಕಾರ್ಡ್, ಬೋರ್ಡಿಗೆ ರಬ್ಬರ್, ಕಂಬದ ತುದಿಗೆ ಕ್ಯಾನ್, ಎಲ್ಲಾ ಆಯಿತು.

ಭಾನುವಾರ ಇಳಿಸಿದೆ. ಅದೇ ಹಳೇ ಹಾಯಿ. ಈಗ ಗುರಿ ಇಟ್ಟ ಬೇವಿನ ಮರಕ್ಕೇ ಹೋಗಿ ನಿಲ್ಲದಿದ್ದರೂ ಅದರ ಹತ್ತಿರದ ಹೊಲಕ್ಕೆ ಹೋಗುತ್ತದೆ. ಟಿಲ್ಲರ್ ಎರಡು ಬೆರಳಲ್ಲಿ ಹಿಡಿಯಬಹುದು. ಇನ್ನೂ ಅರ್ಧದಷ್ಟು ದುಡ್ಡು ಉಳಿದಿದೆ. ಈಗಲಾದರೂ ಹಾಯಿ ಕೊಳ್ಳಲಾ?

ಹುಸೇನ್‌ಸಾಗರದವ:
ಸೋತೆ. ಆದರೂ ಜಿಬ್‌ಗೆ ಎಳೆ ಕಟ್ಟಿ, ಪ್ಲೀಸ್. ಮುಂದಿನ ಅಂಚಿನಿಂದ ಒಂದು ಗೇಣು ಹಿಂದೆ, ಎರಡೂ ಬದಿಗೆ ಉಣ್ಣೆಯ ದಾರ ಅಂಟಿಸಿ. ಎರಡೂ ನೆಟ್ಟಗೆ ಹಿಂದಕ್ಕೆ ಹಾರಿದರೆ ದಾರಿ ಸರಿ. ಒಳಗಡೆಯ ದಾರ ಕುಣಿದರೆ ಗಾಳಿಗೆ ತೀರಾ ಹತ್ತಿರ ಹೋಗಿದ್ದೀರಿ, ಹೊರಗಡೆಯದು ಕುಣಿದರೆ ದೂರ ಸರಿದಿದ್ದೀರಿ ಅಥವಾ ಜಿಬ್ ಜಾಸ್ತಿ ಎಳೆದಿದ್ದೀರಿ. ಉಳಿದ ದೂರ ಇದರಿಂದಲೇ ಸಿಗಬಹುದು.

ಹಳೇಹಗ್ಗ, ಕಲಬುರಗಿ:
ಹಾಯಿ ಈಗಲೂ ಬೇಡ. ಮೊದಲು ಪಕ್ಕದ ತಂತಿಗಳನ್ನು ನೋಡಿ. ತುದಿಯ ಹಿತ್ತಾಳೆ ಅಥವಾ ಸ್ಟೀಲ್ ಕೊಳವೆ ಇರುವ ಕಡೆ ಹತ್ತಿ ಉಂಡೆಯನ್ನು ಸುತ್ತ ಸವರಿ. ಎಳೆ ಸಿಕ್ಕಿಕೊಂಡರೆ ಒಂದು ಎಸಳು ತುಂಡಾಗಿದೆ, ಆ ತಂತಿ ಬದಲಾಯಿಸಲೇಬೇಕು. ಒಂದು ಹೋಗಿದ್ದರೆ ಜೋಡಿಯನ್ನೇ ಬದಲಿಸಿ.

ಮಿಕ್ಕ ದುಡ್ಡಿನಲ್ಲಿ ಈಗಿರುವ ಮೇನ್ ಹಾಯಿಗೆ ಒಂದು ರೀಫ್ ಹಾಕಿಸಿ, ಅಂದರೆ ಕೆಳಭಾಗ ಮಡಚಿ ಕಟ್ಟಿ ಹಾಯಿಯನ್ನು ಚಿಕ್ಕದು ಮಾಡುವ ವ್ಯವಸ್ಥೆ. ಮಳೆಗಾಲದ ಪಡುವಣ ಗಾಳಿ ಜೋರಿದ್ದಾಗ ಪೂರ್ತಿ ಹಾಯಿ ನಿಮಗೆ ಬೇಕಿಲ್ಲ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಪ್ಪಾದರೆ ರೀಫ್ ಕೂಡ ಸಾಲದು, ಆಗ ಹಾಯಿ ಇಳಿಸಿ ದಡಕ್ಕೆ ಬನ್ನಿ, ಜೊತೆಗೆ ಒಂದು ಹುಟ್ಟು ಇರಲಿ.

ಬೀದರ್‌ಹಾಯಿ:
ರೀಫ್ ಇಲ್ಲಿ ಯಾರು ಹೊಲಿಯುತ್ತಾರೆ ಸರ್? ಎಷ್ಟು ಎತ್ತರಕ್ಕೆ?

ಹಳೇಹಗ್ಗ, ಕಲಬುರಗಿ:
ಕಾರ್ ಸೀಟಿನ ರೆಕ್ಸಿನ್ ಅಥವಾ ತಾಡಪತ್ರಿ ಹೊಲಿಯುವವರಲ್ಲಿ ಜಿಗ್‌ಜಾಗ್ ಮಷಿನ್ ಇರುವವರನ್ನು ಹುಡುಕಿ. ಪಾಲಿಯೆಸ್ಟರ್ ದಾರವೇ ಬೇಕು, ಹತ್ತಿ ದಾರ ಬಿಸಿಲಿಗೆ ಬೇಗ ಲಡ್ಡಾಗುತ್ತದೆ. ಬೂಮ್‌ನಿಂದ ಎರಡೂವರೆ ಅಡಿ ಮೇಲೆ, ಕಂಬದ ಕಡೆ ಒಂದು, ಹಿಂದಿನ ಅಂಚಿನಲ್ಲಿ ಒಂದು ಹಿತ್ತಾಳೆ ಕಣ್ಣು. ಎರಡಕ್ಕೂ ಮೂರ್ನಾಲ್ಕು ಪದರ ಬಟ್ಟೆ ಕೊಟ್ಟು ಹೊಲಿಸಿ, ಜಗ್ಗುವ ಭಾರವೆಲ್ಲ ಅವೆರಡರ ಮೇಲೇ. ಹಿಂದಿನ ಕಣ್ಣು ಮುಂದಿನದಕ್ಕಿಂತ ಎರಡು-ಮೂರು ಇಂಚು ಮೇಲಿರಲಿ, ಇಲ್ಲದಿದ್ದರೆ ರೀಫ್ ಹಾಕಿದಾಗ ಬೂಮಿನ ತುದಿ ಕೆಳಗೆ ಬಂದು ನಿಮ್ಮ ತಲೆಗೆ ಬಡಿಯುತ್ತದೆ. ನಡುವೆ ಮೂರು ಸಣ್ಣ ಕಣ್ಣು ಸಾಕು, ಅವು ಮಡಿಕೆ ಕಟ್ಟಿಡಲು ಮಾತ್ರ. ಗುರುತುಗಳನ್ನು ನೀವೇ ಪೆನ್ಸಿಲ್‌ನಲ್ಲಿ ಹಾಕಿ ಕೊಡಿ, ಮತ್ತೆ ಹಾಯಿಯನ್ನು ಮಡಚದೆ ಸುತ್ತಿಕೊಂಡು ಹೋಗಿ.