ಕಾರಕೋರಂ ಗೋಡೆ ನಕ್ಷೆ: ಖಾರ್ದುಂಗ್ ಲಾ ಒಳಗೋ ಹೊರಗೋ, ಕೆ1 ಎಲ್ಲಿ?

ಗೋಡೆನಕ್ಷೆ
ಶಾಲೆ ಗೋಡೆಗೆ ಆರಡಿ ಅಗಲದ ಕಾರಕೋರಂ ಪರ್ವತಶ್ರೇಣಿಯ ನಕ್ಷೆ ಬರೆಯೋದಿದೆ, ಹೆಸರೆಲ್ಲ ಕನ್ನಡದಲ್ಲೇ. ಮೂರು ಕಡೆ ಸಿಕ್ಕಿಕೊಂಡಿದೆ. ಲಡಾಖಿನ ಕಣಿವೆದಾರಿ ಖಾರ್ದುಂಗ್ ಲಾ ಕಾರಕೋರಂಗೆ ಸೇರುತ್ತಾ? ಕೆಲವು ಪುಸ್ತಕದಲ್ಲಿ ಶ್ರೇಣಿಗೆ ‘ಕೃಷ್ಣಗಿರಿ’ ಅಂತಲೂ ಇದೆ, ಬರೆಯಬಹುದಾ? ಕೆ2 ಶಿಖರ ಇದೆ ಅಂದಮೇಲೆ ಕೆ1 ಯಾವುದು?

ನದಿದಾರಿ
ಖಾರ್ದುಂಗ್ ಲಾ ಹೊರಗೆ. ಬೆಟ್ಟಕ್ಕಿಂತ ಮೊದಲು ನದಿ ಬರೆಯಿರಿ ಸರ್, ಅರ್ಧ ಗೊಂದಲ ಅಲ್ಲೇ ಇಳಿಯುತ್ತೆ. ಮೊದಲು ಸಿಂಧೂ. ಆಮೇಲೆ ಶ್ಯೋಕ್: ರಿಮೋ ಹಿಮನದಿಯಲ್ಲಿ ಹುಟ್ಟಿ, ಆಗ್ನೇಯಕ್ಕೆ ಇಳಿದು, ಗಕ್ಕನೆ ತಿರುಗಿ ವಾಯವ್ಯಕ್ಕೆ ಓಡುತ್ತೆ. ಎಲ್ಲರೂ ತಪ್ಪೋದು ಈ ತಿರುವಿನಲ್ಲೇ, ನೇರ ಗೆರೆ ಎಳೆದುಬಿಡ್ತಾರೆ. ತಿರುಗಿದ ಮೇಲೆ, ದಿಸ್ಕಿತ್ ಹತ್ತಿರ, ಸಿಯಾಚಿನ್‌ನಿಂದ ಬರುವ ನುಬ್ರಾ ಸೇರಿಕೊಳ್ಳುತ್ತೆ.

ಸಿಂಧೂವಿಗೂ ಈ ತಿರುಗಿದ ಶ್ಯೋಕ್‌ಗೂ ನಡುವೆ ಇರೋದು ಲಡಾಖ್ ಶ್ರೇಣಿ. ಖಾರ್ದುಂಗ್ ಲಾ ಅದರ ಬೆನ್ನಿನ ಮೇಲಿದೆ. ಶ್ಯೋಕ್ ದಾಟಿದರೆ ಕಾರಕೋರಂ. ಖಾರ್ದುಂಗ್ ಲಾದ ಎತ್ತರ ಬರೆಯೋದಾದರೆ 5,359 ಮೀಟರ್ ಹಾಕಿ. ಅಲ್ಲಿ ಬಹುಕಾಲ ನಿಂತಿದ್ದ ಬೋರ್ಡಿನ 18,380 ಅಡಿ ಜಿಪಿಎಸ್ ಅಳತೆಗಿಂತ ಸುಮಾರು 800 ಅಡಿ ಜಾಸ್ತಿ.

ಕರಿಜಲ್ಲಿ
‘ಶ್ಯೋಕ್ ದಾಟಿದರೆ ಕಾರಕೋರಂ’ ಅನ್ನೋದು ಕೆಳಭಾಗಕ್ಕೆ ಸರಿ. ಮೇಲ್ಭಾಗದಲ್ಲಿ ನದಿಯ ಪಶ್ಚಿಮಕ್ಕೆ ಸಾಸೇರ್ ಕಾಂಗ್ರಿ (7,672 ಮೀ.), ಪೂರ್ವಕ್ಕೆ ದೆಪ್ಸಾಂಗ್ ಬಯಲು. ಆ ಬಯಲಿಗೆ ಶಿಖರ ಬರೆದುಬಿಟ್ಟೀರಿ, ಜೋಕೆ.

ಹೆಸರಿನ ವಿಷಯ: ತುರ್ಕಿ ಮೂಲದ ಮಾತು, ‘ಕರ’ ಅಂದರೆ ಕಪ್ಪು, ‘ಕೋರಂ’ ಅಂದರೆ ಜಲ್ಲಿಕಲ್ಲು. ನಮ್ಮ ಕಾರಿರುಳು, ಕಾರ್ಮುಗಿಲಿನ ‘ಕಾರ್’ ನೆನಪಾಗುತ್ತೆ, ಆದರೆ ಅದು ಬರೀ ಕಾಕತಾಳೀಯ. ಧ್ರುವಗಳನ್ನು ಬಿಟ್ಟರೆ ಇಷ್ಟು ಹಿಮನದಿ ಇರುವ ಶ್ರೇಣಿಗಳು ತೀರಾ ಕಡಿಮೆ, ಹಾಗಿದ್ದೂ ಹೆಸರು ಕರಿಜಲ್ಲಿ! ಕಾರಣ, ಅದು ಮೊದಲು ಒಂದು ಕಣಿವೆದಾರಿಯ ಹೆಸರು. ಲೇಹ್‌ನಿಂದ ಯಾರ್ಕಂದ್‌ಗೆ ಹೋಗುವ ವ್ಯಾಪಾರಿಗಳು ದಾಟುತ್ತಿದ್ದ ಕಾರಕೋರಂ ಪಾಸ್, ಸುಮಾರು 5,540 ಮೀ. ಅಲ್ಲಿ ಹಿಮನದಿ ಇಲ್ಲ, ಕಪ್ಪು ಕಲ್ಲುಪುಡಿ. 19ನೇ ಶತಮಾನದಲ್ಲಿ ಯುರೋಪಿನ ಪ್ರವಾಸಿಗಳು ಪಾಸಿನ ಹೆಸರನ್ನೇ ಇಡೀ ಶ್ರೇಣಿಗೆ ಎಳೆದರು. ಎತ್ತರದ ಹಿಮಬೆಟ್ಟಗಳಿಗೆ ‘ಮುಜ್ತಾಗ್’ (ಮಂಜುಗಡ್ಡೆಯ ಬೆಟ್ಟ) ಎಂಬ ಹೆಸರಿತ್ತು. ಅದು ಈಗ ಬಾಲ್ಟೊರೊ ಮುಜ್ತಾಗ್, ಸಿಯಾಚಿನ್ ಮುಜ್ತಾಗ್ ಅಂತ ಉಪಶ್ರೇಣಿಗಳಿಗೆ ಉಳಿದಿದೆ.

ಕೃಷ್ಣಗಿರಿ ಬೇಕಿದ್ದರೆ ಕಂಸದಲ್ಲಿ, ಸಣ್ಣಕ್ಷರದಲ್ಲಿ. ದೊಡ್ಡದಾಗಿ ಬರೆದರೆ ಮಕ್ಕಳು ಹೊಸೂರಿನ ಪಕ್ಕದ್ದು ಅಂದುಕೊಳ್ಳುತ್ತಾರೆ. ಮಂಗೋಲಿಯಾದ ಹಳೇ ರಾಜಧಾನಿ ಕಾರಕೋರಂ ಕೂಡ ಬೇರೆ, ಅಂತರ್ಜಾಲದ ಚಿತ್ರ ಇಳಿಸುವಾಗ ನೋಡಿಕೊಳ್ಳಿ.

ತ್ರಿಕೋನ_8611
ಕೆ1 ಅಂದರೆ ಮಾಶೆರ್‌ಬ್ರುಮ್, 7,821 ಮೀ. 1856ರಲ್ಲಿ ಬ್ರಿಟಿಷ್ ಭಾರತದ ಭೂಮಾಪನ ಸರ್ವೆಯ ಮಾಂಟ್‌ಗೊಮರಿ ಕಾಶ್ಮೀರದ ಹರಮುಖ್‌ನಿಂದ, 200 ಕಿ.ಮೀ.ಗೂ ಆಚೆ ಕಂಡ ಎರಡು ಶಿಖರಗಳಿಗೆ ಕೆ1, ಕೆ2 ಅಂತ ಗುರುತು ಹಾಕಿದ. ಕೆ ಅಂದರೆ ಕಾರಕೋರಂ, ಅಂಕಿ ಬರೀ ಗುರುತಿನ ಕ್ರಮ, ಎತ್ತರದ್ದಲ್ಲ. ಸ್ಥಳೀಯ ಹೆಸರು ಸಿಕ್ಕ ಕಡೆ ಅಂಕಿ ಬಿದ್ದುಹೋಯಿತು. ಕೆ3, ಕೆ4, ಕೆ5 ಎಲ್ಲ ಗಾಶೆರ್‌ಬ್ರುಮ್‌ಗಳಾದವು. ಕೆ2 ಯಾವ ಹಳ್ಳಿಗೂ ಕಾಣದಷ್ಟು ಒಳಗಿದೆ, ಅದಕ್ಕೇ ಸರ್ವೆ ಗುರುತೇ ಉಳಿಯಿತು. ಹಳೇ ನಕ್ಷೆಯ ‘ಗಾಡ್ವಿನ್ ಆಸ್ಟಿನ್’ ಶಿಖರವೂ ಇದೇ, ಎರಡು ಚುಕ್ಕಿ ಇಡಬೇಡಿ.

‘ಲಾ’ ಅಂದರೇ ಪಾಸ್, ‘ಖಾರ್ದುಂಗ್ ಲಾ ಪಾಸ್’ ಬೇಡ. ‘ಕಾಂಗ್ರಿ’ ಅಂದರೇ ಹಿಮಬೆಟ್ಟ, ಅದರ ಮುಂದೆ ‘ಪರ್ವತ’ವೂ ಬೇಡ.

ಗೋಡೆನಕ್ಷೆ
ಶ್ರೇಣಿಯ ಹೆಸರನ್ನು ಪಾಸ್ ಹತ್ತಿರವೇ ಬರೆಯಲಾ?

ಕರಿಜಲ್ಲಿ
ಬೇಡ, ಪಾಸ್ ಪೂರ್ವದ ಅಂಚಿನಲ್ಲಿದೆ. ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ, ಕಾ–ರ–ಕೋ–ರಂ ಅಂತ ಬಿಡಿಬಿಡಿಯಾಗಿ ಹರಡಿ. ಪಾಸ್ ಹೆಸರು ಬೇರೆ ಬಣ್ಣದಲ್ಲಿ, ಚಿಕ್ಕದಾಗಿ.