ಮೀನಿನ ಟ್ಯಾಂಕ್ ತುಂಬಾ ಕಂದು ಪಾಚಿ, ಏನು ಮಾಡಲಿ?

ಟ್ಯಾಂಕ್ ಶುರು ಮಾಡಿ ಐದು ವಾರ ಆಯಿತು. 60 ಲೀಟರ್, ಸಿಹಿನೀರು, ಆರು ಟೆಟ್ರಾ ಮೀನು, ಒಂದಿಷ್ಟು ಗಿಡ. ಮೊದಲು ಚೆನ್ನಾಗಿಯೇ ಇತ್ತು. ಈಗ ಗಾಜು, ಮರಳು, ಎಲೆ, ಎಲ್ಲದರ ಮೇಲೂ ಕಂದು ಧೂಳು ಕೂತ ಹಾಗಿದೆ. ಒರೆಸಿದರೆ ಹೋಗುತ್ತದೆ, ಮೂರೇ ದಿನಕ್ಕೆ ಮತ್ತೆ ಹಾಜರು. ಮೀನುಗಳಿಗೇನೂ ಆಗಿಲ್ಲ. ಲೈಟ್ ಪೂರ್ತಿ ಆರಿಸಿಬಿಡಲಾ? ಔಷಧಿ ಹಾಕಬೇಕಾ? ನಿಮಗೂ ಹೀಗಾಗಿದ್ದರೆ ಹೇಳಿ.

—

ಒರೆಸಿದರೆ ಹೋಗುತ್ತದೆ ಅಂದಿರಲ್ಲ, ಹಾಗಾದರೆ ಅದು ಡಯಾಟಮ್, ಕಣ್ಣಿಗೆ ಕಾಣದಷ್ಟು ಚಿಕ್ಕ ಒಂದು ಬಗೆಯ ಪಾಚಿ. ಇದರ ಕವಚ ಸಿಲಿಕಾದ್ದು, ಹೆಚ್ಚುಕಡಿಮೆ ಗಾಜೇ ಅನ್ನಿ. ಅದಕ್ಕೆ ಬೇಕಾದ ಸಿಲಿಕೇಟ್ ನಲ್ಲಿ ನೀರಿನಲ್ಲೇ ಇರುತ್ತದೆ. ಹೊಸ ಟ್ಯಾಂಕಿನಲ್ಲಿ ಗಿಡಗಳಿನ್ನೂ ಬೇರು ಹಿಡಿದಿರುವುದಿಲ್ಲ, ಅದರ ಜೊತೆ ಪೈಪೋಟಿಗೆ ಯಾರೂ ಇಲ್ಲ.

ನಾನು ಮಾಡಿದ ದಡ್ಡತನ ಹೇಳುತ್ತೇನೆ. ನನ್ನ ಮೊದಲ ಟ್ಯಾಂಕಿಗೆ ಇದು ಬಂದಾಗ ರೇಗಿ ಎಲ್ಲ ಖಾಲಿ ಮಾಡಿದೆ. ಮರಳು ತೊಳೆದೆ, ಫಿಲ್ಟರ್ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ಹಿಂಡಿ ಹಿಂಡಿ ತೊಳೆದೆ. ಟ್ಯಾಂಕ್ ಫಳಫಳ! ಎರಡು ದಿನ ಕಳೆಯುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೀರು ಪರೀಕ್ಷಿಸಿದರೆ ಅಮೋನಿಯಾ, ಮೀನಿನ ಕೊಳೆಯಿಂದ ಬರುವ ವಿಷ. ಮರಳಿನಲ್ಲಿ, ಸ್ಪಾಂಜಿನಲ್ಲಿ ಇದ್ದು ಅದನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾವನ್ನೆಲ್ಲ ನಾನೇ ಕೈಯಾರೆ ತೊಳೆದುಹಾಕಿದ್ದೆ. ಎರಡು ಮೀನು ಹೋದವು. ಪಾಚಿ ಮಾತ್ರ ಮುಂದಿನ ವಾರ ವಾಪಸ್ ಬಂತು.

ಈಗ ವಾರಕ್ಕೊಮ್ಮೆ ಗಾಜು ಒರೆಸಿ, ಉದುರಿದ್ದು ಕೆಳಗೆ ಕೂರುವ ಮೊದಲೇ ಪೈಪ್ ಹಾಕಿ ಕಾಲು ಭಾಗ ನೀರು ಎಳೆದುಬಿಡುತ್ತೇನೆ. ಸ್ಪಾಂಜ್ ಕೊಳೆಯಾಗಿದ್ದರೆ ಆ ತೆಗೆದ ನೀರಿನಲ್ಲೇ ಅದ್ದಿ ಹಿಂಡುತ್ತೇನೆ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬೇಡಿ. ಎಲೆಗಳನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಸವರಿದರೆ ಸಾಕು. ನನಗೆ ಮೂರನೇ ತಿಂಗಳಿಗೆ ತಾನಾಗಿಯೇ ಕಮ್ಮಿಯಾಯಿತು. ಔಷಧಿ ಹಾಕಲಿಲ್ಲ.

—

ಲೈಟ್ ಆರಿಸಬೇಡಿ. ಡಯಾಟಮ್ ಮಂದ ಬೆಳಕಿನಲ್ಲೂ ಹಾಯಾಗಿರುತ್ತದೆ, ಸೊರಗುವುದು ಗಿಡ. ನಾನು ಒಂದು ವಾರ ಟ್ಯಾಂಕಿಗೆ ಬಟ್ಟೆ ಹೊದಿಸಿ ನೋಡಿದ್ದೇನೆ. ಬಟ್ಟೆ ತೆಗೆದಾಗ ಎಲೆ ಕೊಳೆತಿತ್ತು, ಆ ಕೊಳೆ ಪಾಚಿಗೆ ಮತ್ತಷ್ಟು ಊಟವಾಯಿತು! ಟೈಮರ್ ಹಾಕಿ ದಿನಕ್ಕೆ 7–8 ಗಂಟೆ ಇಡಿ. ಅಂದಹಾಗೆ, ಮೀನಿಗೆ ಎಷ್ಟು ಸಲ ಊಟ ಹಾಕುತ್ತೀರಿ?

—

ನೆರೈಟ್ ಬಸವನಹುಳು ಒಂದೆರಡು ಬಿಡಿ, ಗಾಜನ್ನು ನೆಕ್ಕಿ ನೆಕ್ಕಿ ಸ್ವಚ್ಛ ಮಾಡುತ್ತವೆ. ಒಂದೇ ಕಿರಿಕಿರಿ ಅಂದರೆ ಮೊಟ್ಟೆ. ಕಲ್ಲು, ಕಟ್ಟಿಗೆ ಮೇಲೆಲ್ಲ ಬಿಳಿ ಚುಕ್ಕೆ ಇಡುತ್ತವೆ. ಸಿಹಿನೀರಿನಲ್ಲಿ ಅವು ಮರಿಯಾಗುವುದಿಲ್ಲ, ಆದರೆ ಉಗುರಿನಿಂದ ಕೆರೆದರೂ ಸುಲಭಕ್ಕೆ ಬಿಡುವುದಿಲ್ಲ.

ಒಟೊಸಿಂಕ್ಲಸ್ ಮೀನೂ ಇದನ್ನು ಇಷ್ಟಪಟ್ಟು ತಿನ್ನುತ್ತದೆ. ಆದರೆ ಐದು ವಾರದ ಟ್ಯಾಂಕಿಗೆ ತರಬೇಡಿ, ಅದು ತುಂಬಾ ಸೂಕ್ಷ್ಮ. ಪಾಚಿ ಮುಗಿದ ಮೇಲೆ ಹಸಿವಿನಿಂದ ಸಾಯುವುದೂ ಉಂಟು, ನನ್ನಲ್ಲೇ ಹಾಗಾಯಿತು. ಸಕ್ಕರ್ ಮೀನು ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಸಾಮಾನ್ಯವಾಗಿ ಸಿಗುವ ಜಾತಿ ಒಂದು ಅಡಿಗೂ ಜಾಸ್ತಿ ಬೆಳೆಯುತ್ತದೆ. ಆಮೇಲೆ ಅದನ್ನೇ ಇಡಲು ಜಾಗ ಹುಡುಕಬೇಕು.

—

ನನ್ನದು ಹಳೇ ಟ್ಯಾಂಕ್. ಎರಡು ವರ್ಷ ಏನೂ ಇರಲಿಲ್ಲ, ಆಮೇಲೆ ದಿಢೀರ್ ಅಂತ ಕಂದು ಬಣ್ಣ. ಕೊನೆಗೆ ನೋಡಿದರೆ ನೀರು ಶುದ್ಧ ಮಾಡುವ ಆರ್‌ಒ ಯಂತ್ರದ ಮೆಂಬ್ರೇನ್ (ಸೋಸುವ ಪೊರೆ) ಸವೆದು ಸಿಲಿಕೇಟ್ ಒಳಗೆ ಬರುತ್ತಿತ್ತು. ಬದಲಿಸಿದ ಮೇಲೆ ನಿಂತಿತು. ನಿಮ್ಮದು ಹೊಸದು, ಇಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ.

—

ಎಲ್ಲರಿಗೂ ಥ್ಯಾಂಕ್ಸ್. ಊಟದ ಪ್ರಶ್ನೆ ಸರಿಯಾಗಿ ತಾಗಿತು. ನಾನು ದಿನಕ್ಕೆ ಮೂರು ಸಲ ಹಾಕುತ್ತಿದ್ದೆ. ಕೇಳಿದರೆ ಮಗನೂ ಶಾಲೆಯಿಂದ ಬಂದು ಒಂದು ಚಿಟಿಕೆ ಹಾಕುತ್ತಿದ್ದನಂತೆ. ಡಬ್ಬಿ ಈಗ ಮೇಲಿನ ಕಪಾಟಿನಲ್ಲಿದೆ. ನೆರೈಟ್ ತರುವ ಆಸೆಯೇನೋ ಇದೆ, ಆ ಬಿಳಿ ಚುಕ್ಕೆ ನೆನೆದರೆ ಮಾತ್ರ ಬೇಡ ಅನ್ನಿಸುತ್ತದೆ.