ಮನೆ ಕೆಳಗೇ ಸಿಗ್ನಲ್, ನನಗೆ 26ನೇ ವಾರ. ಮಗುವಿನ ತೂಕ ಕಡಿಮೆಯಾಗುತ್ತಾ?

ಪ್ರಶ್ನೆ (ಮೊದಲ ಬಸುರಿ)

ನನಗೆ ಈಗ 26ನೇ ವಾರ. ಮೊದಲ ಮಗು. ಎರಡನೇ ಮಹಡಿಯಲ್ಲಿ ಬಾಡಿಗೆ ಮನೆ. ಮಲಗುವ ಕೋಣೆಯ ಕಿಟಕಿ ತೆಗೆದರೆ ಕೆಳಗೇ ಸಿಗ್ನಲ್. ಕೆಂಪು ದೀಪ ಬಿದ್ದರೆ ಬಸ್ಸು, ಲಾರಿ ಎಲ್ಲ ಎಂಜಿನ್ ಆಫ್ ಮಾಡದೆ ಅಲ್ಲೇ ನಿಲ್ಲುತ್ತವೆ. ಮೊನ್ನೆ ಕಿಟಕಿಯ ಕಟ್ಟೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿದೆ. ಮಣ್ಣಿನ ಬಣ್ಣದ ಧೂಳಾಗಿದ್ದರೆ ಸುಮ್ಮನಾಗುತ್ತಿದ್ದೆ. ಅದು ಮಸಿಯ ಹಾಗೆ ಕಪ್ಪಗೆ, ಜಿಡ್ಡಾಗಿತ್ತು. ಸೋಪು ಹಾಕಿ ಉಜ್ಜಿದರೂ ಕಲೆ ಹೋಗಲಿಲ್ಲ. ನಾಲ್ಕು ದಿನದ ಹಿಂದಷ್ಟೇ ಒರೆಸಿದ್ದ ಜಾಗ ಅದು.

ಆ ಬಟ್ಟೆ ಕೈಯಲ್ಲಿ ಹಿಡಿದು ಸುಮಾರು ಹೊತ್ತು ನಿಂತಿದ್ದೆ. ರಾತ್ರಿಯಿಡೀ ನಾನು ಉಸಿರಾಡುವುದು ಇದೇ ಗಾಳಿ ಅಲ್ವಾ?

25ನೇ ವಾರದ ಸ್ಕ್ಯಾನ್‌ನಲ್ಲಿ ಮಗುವಿನ ತೂಕ ಅಂದಾಜು 760 ಗ್ರಾಂ ಅಂತ ಬಂತು. ಬೆಳವಣಿಗೆ ಸರಿಯಾಗಿದೆ ಎಂದರು ಡಾಕ್ಟರ್. ಆದರೆ ಪಟ್ಟಣದ ಹೊಗೆಯಿಂದ ಮಕ್ಕಳ ತೂಕ ಕಡಿಮೆಯಾಗುತ್ತದೆ ಎಂದು ಎಲ್ಲೋ ಓದಿದಾಗಿನಿಂದ ನಿದ್ದೆ ಇಲ್ಲ. ಅಮ್ಮ "ನೀನೂ ಊರ ಮಧ್ಯೆಯೇ ಹುಟ್ಟಿದವಳು, ಸುಮ್ನೆ ಮಲಗು" ಎನ್ನುತ್ತಾರೆ. ನಮ್ಮ ಮನೆಯವರು ಬೇರೆ ಮನೆ ನೋಡೋಣ ಎನ್ನುತ್ತಾರೆ. ಈಗ ಸಾಮಾನು ಕಟ್ಟುವ ಶಕ್ತಿ ನನಗಿಲ್ಲ. ನಿಜವಾಗಿ ಎಷ್ಟು ವ್ಯತ್ಯಾಸ ಆಗುತ್ತದೆ? ರಸ್ತೆಯ ಸದ್ದಿನಿಂದಲೂ ತೊಂದರೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1 (ಎರಡು ವರ್ಷದ ಮಗುವಿನ ತಾಯಿ)

ನಿಮ್ಮ ಬಟ್ಟೆಯ ವಿಷಯ ಓದಿ ನನ್ನದೇ ನೆನಪಾಯಿತು. ನಮ್ಮದೂ ರಸ್ತೆ ಪಕ್ಕದ ಮನೆ. ಮಗ 39 ವಾರ ತುಂಬಿದ ಮೇಲೆ ಹುಟ್ಟಿದ, 2 ಕೆಜಿ 400 ಗ್ರಾಂ ಇದ್ದ. ನೋಡಲು ಬಂದವರೆಲ್ಲ "ಸಣ್ಣಗಿದೆ" ಎನ್ನುವವರೇ. ಆರು ತಿಂಗಳು ಆ ಮನೆಯನ್ನೂ ನನ್ನನ್ನೂ ಬೈದುಕೊಂಡೆ. ನನಗೆ ಬಿಪಿಯೂ ಜಾಸ್ತಿ ಇತ್ತು. ಬಿಪಿಯಿಂದಲೂ ಮಗುವಿನ ತೂಕ ಕಡಿಮೆಯಾಗಬಹುದು ಎಂದು ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಯಾವುದರಿಂದ ಎಷ್ಟು ಎಂದು ಒಂದು ಮಗುವನ್ನು ನೋಡಿ ಯಾರೂ ಹೇಳಲಾರರು. ಮಗ ಈಗ ಚೆನ್ನಾಗಿದ್ದಾನೆ. ನನ್ನ ಹಾಗೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಉತ್ತರ 2 (ಗಾಳಿಯ ಅಂಕಿ ನೋಡುವವನು)

ಗಾಳಿಯ ಗುಣಮಟ್ಟ ಅಳೆಯುವುದು ನನ್ನ ಕೆಲಸ, ಹಾಗಾಗಿ ಅಷ್ಟಕ್ಕೆ ಮಾತ್ರ ಹೇಳುತ್ತೇನೆ. ನಿಮ್ಮ ಭಯ ಸುಳ್ಳಲ್ಲ, ಆದರೆ ಅದರ ಅಳತೆ ಗೊತ್ತಿರಬೇಕು.

2008ರ ಒಲಿಂಪಿಕ್ಸ್‌ಗಾಗಿ ಬೀಜಿಂಗ್‌ನಲ್ಲಿ ಕಾರ್ಖಾನೆ ನಿಲ್ಲಿಸಿ, ವಾಹನ ಕಡಿಮೆ ಮಾಡಿದ್ದರು. ಆ ದಿನಗಳಲ್ಲಿ ಎಂಟನೇ ತಿಂಗಳಲ್ಲಿದ್ದ ತಾಯಂದಿರ ಮಕ್ಕಳು, 2007 ಮತ್ತು 2009ರಲ್ಲಿ ಅದೇ ದಿನಗಳಲ್ಲಿ ಎಂಟನೇ ತಿಂಗಳಲ್ಲಿದ್ದವರ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಜಾಸ್ತಿ ಇದ್ದರು. ಅಷ್ಟು ದೊಡ್ಡ ಊರಿನ ಗಾಳಿ ತಿಳಿಯಾದಾಗ ಸಿಕ್ಕಿದ್ದು 23 ಗ್ರಾಂ. ಒಂದು ಮಗುವಿಗೆ ಇದು ಸಣ್ಣದು. ಲಕ್ಷ ಮಕ್ಕಳ ಲೆಕ್ಕದಲ್ಲಿ ಸಣ್ಣದಲ್ಲ, ಯಾಕೆಂದರೆ ‘ಕಡಿಮೆ ತೂಕ’ ಎನ್ನುವ 2500 ಗ್ರಾಂ ಗೆರೆಯ ಅಂಚಿನಲ್ಲಿರುವ ಎಷ್ಟೋ ಮಕ್ಕಳು ಕೆಳಗೆ ಜಾರುತ್ತಾರೆ. ಯುರೋಪಿನ 12 ದೇಶಗಳ 74,000ಕ್ಕೂ ಹೆಚ್ಚು ತಾಯಂದಿರ ಅಧ್ಯಯನ 2013ರಲ್ಲಿ ಬಂತು. ಪಿಎಂ2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣ, ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಂ ಜಾಸ್ತಿಯಾದಲ್ಲೆಲ್ಲ, ದಿನ ತುಂಬಿದರೂ ಕಡಿಮೆ ತೂಕದಲ್ಲಿ ಹುಟ್ಟುವ ಸಾಧ್ಯತೆ ಸುಮಾರು 18% ಏರಿತ್ತು.

ನಿಮ್ಮ ಸಿಗ್ನಲ್‌ಗೆ ಹತ್ತಿರದ ಉದಾಹರಣೆ ಅಮೆರಿಕದ್ದು. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾದ ಟೋಲ್ ಗೇಟ್‌ಗಳಲ್ಲಿ ಗಾಡಿ ನಿಲ್ಲಿಸದೆ ಹಣ ಕಟ್ಟುವ ವ್ಯವಸ್ಥೆ ಬಂತು. ಕ್ಯೂ ಕರಗಿತು, ಹೊಗೆಯೂ ಇಳಿಯಿತು. ಗೇಟಿನಿಂದ 2 ಕಿ.ಮೀ. ಒಳಗಿದ್ದ ತಾಯಂದಿರಲ್ಲಿ ಕಡಿಮೆ ತೂಕದ ಮಕ್ಕಳು ಹುಟ್ಟುವುದು, ಸ್ವಲ್ಪ ದೂರದವರಿಗೆ ಹೋಲಿಸಿದರೆ, ಸುಮಾರು 12% ಕಡಿಮೆಯಾಯಿತು. ನಿಂತಲ್ಲೇ ಉರಿಯುವ ಎಂಜಿನ್ ಎಷ್ಟು ಕೆಟ್ಟದ್ದು ನೋಡಿ.

ಸದ್ದಿನ ಬಗ್ಗೆ: ಲಂಡನ್ನಿನ 5 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನ 2017ರಲ್ಲಿ ಬಂತು. ವಾಹನದ ಹೊಗೆಗೂ ಕಡಿಮೆ ತೂಕಕ್ಕೂ ನಂಟು ಕಂಡಿತು. ಸದ್ದು ತಾನೇ ಬೇರೆಯಾಗಿ ತೂಕ ಇಳಿಸುತ್ತದೆ ಎನ್ನುವುದು ಕಾಣಲಿಲ್ಲ. ನಿಮ್ಮ ನಿದ್ದೆ ಕೆಡುವುದು ಬೇರೆ ವಿಷಯ, ಅದಕ್ಕೂ ದಾರಿ ಹುಡುಕಬೇಕು.

ಉತ್ತರ 3 (ಹೆರಿಗೆ ವಾರ್ಡಿನ ನರ್ಸ್)

ಹದಿನಾರು ವರ್ಷದಿಂದ ಹೆರಿಗೆ ವಾರ್ಡಿನಲ್ಲಿದ್ದೇನೆ. ಹುಟ್ಟಿದ ಮಗುವನ್ನು ಒರೆಸಿ ತೂಕದ ಯಂತ್ರದ ಮೇಲೆ ಮಲಗಿಸುವ ಕೈ ನನ್ನದು. ಮಗು ಕಾಲು ಝಾಡಿಸುತ್ತದೆ, ಅಂಕಿ ಕುಣಿಯುತ್ತದೆ: 2480, 2530, 2490. ಅದು ಒಂದು ಕ್ಷಣ ಸುಮ್ಮನಾಗುವುದನ್ನೇ ಕಾಯುತ್ತೇನೆ. 2500 ಗ್ರಾಂಗಿಂತ ಕೆಳಗಿದ್ದರೆ ಕಡಿಮೆ ತೂಕ ಎಂದು ಬರೆಯಬೇಕು, ಎಲ್ಲ ಕಡೆ ಇದೇ ಗೆರೆ. ಬರೆಯುವಾಗ ತಾಯಿಯ ಮುಖ ನನ್ನ ಕಡೆಯೇ ಇರುತ್ತದೆ. ಮೇಲಿನ ಅಣ್ಣ ಹೇಳಿದ 23 ಗ್ರಾಂ ಏನು ಅಂತ ನನಗೆ ಆ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಮಗು ನೇರವಾಗಿ ಗಾಳಿ ಉಸಿರಾಡುವುದಿಲ್ಲ, ತಂಗಿ. ಅದಕ್ಕೆ ಬೇಕಾದ್ದೆಲ್ಲ ನಿಮ್ಮ ರಕ್ತದಿಂದ ಮಾಸಿನ ಮೂಲಕ ಹೋಗುತ್ತದೆ. ತೊಂದರೆ ಆಗುವುದೂ ಅಲ್ಲೇ. ಹೊಗೆಯ ಸಣ್ಣ ಕಣ ಶ್ವಾಸಕೋಶಕ್ಕೆ ಇಳಿದರೆ ಮೈಯೊಳಗೆ ಉರಿಯೂತ ಏಳುತ್ತದೆ, ಮಾಸಿನ ರಕ್ತನಾಳ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. 2019ರಲ್ಲಿ ಬೆಲ್ಜಿಯಂನ ಸಂಶೋಧಕರು ಮಾಸಿನ ಮಗುವಿನ ಕಡೆಯ ಭಾಗದಲ್ಲೇ ಕಪ್ಪು ಇಂಗಾಲದ ಕಣ ಕಂಡರು. ಅದನ್ನು ಓದಿದ ಮೇಲೆ ಮಾಸನ್ನು ಪರೀಕ್ಷಿಸುವಾಗ ನನ್ನ ಕೈ ಸ್ವಲ್ಪ ನಿಧಾನವಾಗಿದೆ.

ಆದರೂ ನನ್ನ ಮಾತು ಕೇಳಿ. ತಾಯಿ ಸಿಗರೇಟು ಸೇದಿದರೆ ಮಗುವಿನ ತೂಕ ಸರಾಸರಿ 200 ಗ್ರಾಂನಷ್ಟು ಕಡಿಮೆಯಾಗುತ್ತದೆ. ಬೇರೆಯವರು ಮನೆಯೊಳಗೆ ಸೇದಿದರೂ ಪೆಟ್ಟು ಉಂಟು. ಬಿಪಿ, ರಕ್ತ ಕಡಿಮೆ ಇರುವುದು, ದಿನ ತುಂಬದ ಹೆರಿಗೆ, ಇವೆಲ್ಲ ನಾನು ಕಣ್ಣಾರೆ ಕಂಡಂತೆ ತೂಕವನ್ನು ಜೋರಾಗಿ ಎಳೆಯುತ್ತವೆ. ಇವನ್ನು ಹಿಡಿಯಬಹುದು, ಸರಿಮಾಡಬಹುದು. ನಿಮ್ಮ ಹಿಮೋಗ್ಲೋಬಿನ್ ಎಷ್ಟಿದೆ? ಕೊನೆಯ ಬಾರಿ ಯಾವಾಗ ನೋಡಿದರು? ಪ್ರಶ್ನೆಯಲ್ಲಿ ಅದನ್ನು ಬರೆದೇ ಇಲ್ಲ.

ಇನ್ನೊಂದು. ಸ್ಕ್ಯಾನಿನ ತೂಕ ಅಂದಾಜು ಅಷ್ಟೇ, 10-15% ಆಚೀಚೆ ಆಗುತ್ತದೆ. ಒಂದು ಅಂಕಿಗಿಂತ ಮಗು ವಾರದಿಂದ ವಾರಕ್ಕೆ ಬೆಳೆಯುತ್ತಿದೆಯಾ ಎನ್ನುವುದು ಮುಖ್ಯ. ತೂಕ ಜೋರಾಗಿ ಏರುವುದೇ ಕೊನೆಯ ಮೂರು ತಿಂಗಳಲ್ಲಿ, ವಾರಕ್ಕೆ 200 ಗ್ರಾಂನಷ್ಟು. ಆ ಕಾಲ ನಿಮಗೆ ಈಗ ಬರುತ್ತಿದೆ. ಮಗುವಿನ ಓಡಾಟ ಕಡಿಮೆ ಅನಿಸಿದರೆ ಮಾತ್ರ ಒಂದು ದಿನವೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು

ಅಕ್ಕ, ಹಿಮೋಗ್ಲೋಬಿನ್ ಮೂರನೇ ತಿಂಗಳಲ್ಲಿ ನೋಡಿದ್ದು. ಆಮೇಲೆ ನೆನಪಿಲ್ಲ. ನಾಳೆಯೇ ಮಾಡಿಸುತ್ತೇನೆ. ಮನೆಯಲ್ಲಿ ಯಾರೂ ಸೇದುವುದಿಲ್ಲ. ಗಾಳಿ ಶುದ್ಧ ಮಾಡುವ ಯಂತ್ರ ತಂದರೆ ಉಪಯೋಗ ಇದೆಯಾ? ಹಿಂದುಗಡೆ ಒಂದು ಸಣ್ಣ ಕೋಣೆ ಇದೆ, ಈಗ ಅದರ ತುಂಬ ಹಳೆ ಸಾಮಾನು.

ಉತ್ತರ 4 (ಗಾಳಿಯ ಅಂಕಿ ನೋಡುವವನು)

ಮೊದಲು ಆ ಕೋಣೆ ಖಾಲಿ ಮಾಡಿಸಿ, ನೀವು ಎತ್ತಬೇಡಿ. ವಾಹನದ ಹೊಗೆ ರಸ್ತೆಯ ಅಂಚಿನಲ್ಲೇ ದಟ್ಟ, ದೂರ ಹೋದಂತೆ ಬೇಗ ತೆಳುವಾಗುತ್ತದೆ. ಮನೆಯ ಹಿಂಬದಿ ಕೂಡ ಸ್ವಲ್ಪ ಲಾಭವೇ. ದಿನಕ್ಕೆ ಎಂಟು ಗಂಟೆ ಮಲಗುವ ಜಾಗ ಅದು, ಸದ್ದೂ ಇಳಿಯುತ್ತದೆ. ರಸ್ತೆ ಕಡೆಯ ಕಿಟಕಿಯನ್ನು ವಾಹನ ಜಾಸ್ತಿ ಇರುವ ಹೊತ್ತಿನಲ್ಲಿ ಮುಚ್ಚಿಡಿ. ಹಾಗಂತ ಇಡೀ ಮನೆ ಮುಚ್ಚಿ ಬೇಯಬೇಡಿ, ಗರ್ಭಿಣಿಯರಿಗೆ ಸೆಕೆಯೂ ಒಳ್ಳೆಯದಲ್ಲ.

ಯಂತ್ರದ ಬಗ್ಗೆ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ 540 ಗರ್ಭಿಣಿಯರ ಮೇಲೆ ಪ್ರಯೋಗ ನಡೆದಿದೆ. ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಯಂತ್ರ ಇಟ್ಟ ಮನೆಗಳ ಒಳಗೆ ಪಿಎಂ2.5 ಸುಮಾರು 29% ಕಡಿಮೆ ಇತ್ತು. ಎಲ್ಲ ಹೆರಿಗೆ ಸೇರಿಸಿ ನೋಡಿದರೆ ತೂಕದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಮಾತ್ರ ಸರಾಸರಿ 85 ಗ್ರಾಂ ಜಾಸ್ತಿ ಇತ್ತು. ಕೈಯಲ್ಲಿ ಹಣ ಇದ್ದರೆ ತನ್ನಿ. ಸಾಲ ಮಾಡಿ ತರಬೇಡಿ.

ಉತ್ತರ 5 (ಎರಡು ವರ್ಷದ ಮಗುವಿನ ತಾಯಿ)

ವಾಕಿಂಗ್ ಹೋಗುವುದಾದರೆ ದೊಡ್ಡ ರಸ್ತೆ ಬಿಟ್ಟು ಮರ ಇರುವ ಒಳರಸ್ತೆ ಹಿಡಿಯಿರಿ. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಮನೆಯಿಂದ 50 ಮೀಟರ್ ಒಳಗೆ ಮರದ ನೆರಳು ಜಾಸ್ತಿ ಇದ್ದಲ್ಲಿ, ವಾರಕ್ಕೆ ತಕ್ಕಷ್ಟು ಬೆಳೆಯದ ಮಕ್ಕಳು ಸ್ವಲ್ಪ ಕಡಿಮೆ ಎಂದು ಓದಿದ್ದೇನೆ. ಮರ ಹೊಗೆ ತಡೆಯಿತೋ, ಮನಸ್ಸಿಗೆ ತಂಪಾಯಿತೋ, ಅದು ಬೇರೆ. ನನಗಂತೂ ಆ ಅರ್ಧ ಗಂಟೆಯಲ್ಲೇ ಉಸಿರು ಸರಾಗ ಆಗುತ್ತಿತ್ತು.

ಪ್ರಶ್ನೆ ಕೇಳಿದವರು, ಆರು ವಾರದ ನಂತರ

ಎಲ್ಲರಿಗೂ ಹೇಳಲೇಬೇಕು ಅನ್ನಿಸಿತು. ಮರುದಿನವೇ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9.4 ಇತ್ತು! ಸುಸ್ತಾಗುತ್ತಿದ್ದದ್ದು ಹೊಗೆಯಿಂದ ಎಂದುಕೊಂಡಿದ್ದೆ. ಡಾಕ್ಟರ್ ಕಬ್ಬಿಣದ ಮಾತ್ರೆ ಬದಲಿಸಿ ಕೊಟ್ಟರು, ಈಗ 10.8. ನರ್ಸ್ ಅಕ್ಕ, ನೀವು ಕೇಳದಿದ್ದರೆ ನಾನು ಕಿಟಕಿ ಒರೆಸುತ್ತಲೇ ಇರುತ್ತಿದ್ದೆ.

ಹಿಂದಿನ ಕೋಣೆಗೆ ಮಂಚ ಹೋಯಿತು. ಅಲ್ಲಿನ ಕಿಟಕಿಯ ಕಟ್ಟೆಯನ್ನೂ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದೆ. ವಾರದ ಧೂಳು ಇತ್ತು, ಬೂದಿ ಬಣ್ಣದ್ದು, ತೊಳೆದರೆ ಹೋಯಿತು. 32ನೇ ವಾರದ ಸ್ಕ್ಯಾನ್‌ನಲ್ಲಿ ಅಂದಾಜು 1850 ಗ್ರಾಂ.

ಟೋಲ್ ಗೇಟಿನ ಕಥೆಯನ್ನು ನಮ್ಮ ಕಟ್ಟಡದವರಿಗೆ ಹೇಳಿದೆ. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿಸುವ ಫಲಕ ಹಾಕಿ ಎಂದು ಅರ್ಜಿ ಬರೆದೆವು. ಕೆಳಗಿನ ಮಹಡಿಯಲ್ಲಿ ಇನ್ನೊಬ್ಬಳಿಗೆ ನಾಲ್ಕನೇ ತಿಂಗಳು. ಮೊದಲ ಸಹಿ ಅವಳದ್ದು, ಎರಡನೆಯದು ನನ್ನದು.